ಭಾನುವಾರದ ಹಾಜರಿ

ಕಳೆದ ವರ್ಷ ಮಳೆಗಾಲಕ್ಕೆ ಇನ್ನೂ ತಿಂಗಳೆರಡು ಇರುವಾಗಿನ ಮಾತು. ಭಾನುವಾರದ ಆರಾಧನೆ ಮುಗಿಸಿಕೊಂಡು ಸಂಜೆ ಪವಾಯಿಯ ಮನೆಗೆ ಮರಳಿದ್ದೆ. ಮಂಡಿನೋವಿನಿಂದಾಗಿ ಆ ದಿನ ಬರಲಾಗದೆ ಮನೆಯಲ್ಲೇ ಉಳಿದಿದ್ದ ಹೆಂಡತಿ ಕುಡಿಯಲು ನೀರು ಕೊಟ್ಟು, "ಅಯ್ಯನವರು ಇವತ್ತು ಯಾವ ವಾಕ್ಯದ ಮೇಲೆ ಪ್ರಸಂಗ ಮಾಡಿದರು?" ಎಂದು ಕೇಳಿದಳು. ನಾನು ಬಾಯಿ ತೆರೆದೆ, ಉತ್ತರ ಹೊರಡಲಿಲ್ಲ. ಪ್ರಸಂಗದ ವಾಕ್ಯವಷ್ಟೇ ಅಲ್ಲ, ಹಾಡಿದ ಗೀತೆಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ನೆನಪಿದ್ದದ್ದು ಮಧ್ಯ ರೈಲ್ವೆಯ ಮೆಗಾ ಬ್ಲಾಕ್, ಕಾಂಜೂರ್‌ಮಾರ್ಗ್ ನಿಲ್ದಾಣದಲ್ಲಿ ಕಾದ ನಲವತ್ತು ನಿಮಿಷ, ಆರಾಧನೆಯ ನಡುವೆ ಎರಡು ಸಲ ಕದ್ದು ನೋಡಿದ ಗಡಿಯಾರ. "ಎಂದಿನದೇ" ಎಂದೆ. ಅವಳು ಮತ್ತೆ ಕೇಳಲಿಲ್ಲ.

ನಮ್ಮ ಕಚೇರಿಯಲ್ಲಿ ಬಯೋಮೆಟ್ರಿಕ್ ಹಾಜರಾತಿಯ ಯಂತ್ರವಿದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬೆರಳಿಟ್ಟರೆ ಆಯಿತು. ನಡುವಿನ ಎಂಟೂವರೆ ಗಂಟೆಗಳಲ್ಲಿ ಮನುಷ್ಯ ಏನು ಮಾಡಿದನೆಂಬುದು ಅದಕ್ಕೆ ಬೇಕಿಲ್ಲ. ಆ ರಾತ್ರಿ ಮಲಗಿದಾಗ, ಹದಿನೈದು ವರ್ಷಗಳಿಂದ ಪ್ರತಿ ಭಾನುವಾರ ನಾನು ದೇವರ ಸನ್ನಿಧಿಯಲ್ಲಿ ಮಾಡುತ್ತ ಬಂದಿರುವುದೂ ಇದೇ ಅಲ್ಲವೇ ಎಂಬ ಯೋಚನೆ ಹುಟ್ಟಿತು. ನನ್ನನ್ನು ಕಾಡಿದ್ದು ಪ್ರಸಂಗ ಮರೆತುಹೋಯಿತೆಂಬುದಲ್ಲ. ಮರೆತದ್ದರಿಂದ ನನಗೆ ಯಾವ ನಷ್ಟವೂ ಆದಂತೆ ಅನಿಸಲಿಲ್ಲವಲ್ಲ ಎಂಬುದು.

ಪವಾಯಿಯಲ್ಲಿ ಇರುವವರಿಗೆ ಇಲ್ಲಿನ ಸರೋವರದ ಕಥೆ ಗೊತ್ತಿರುತ್ತದೆ. ಬೆಳಗಿನ ವಾಯುವಿಹಾರದಲ್ಲಿ ನಾನು ದಿನವೂ ಅದರ ದಂಡೆಯಲ್ಲಿ ನಡೆಯುತ್ತೇನೆ. ಒಂದು ಕಡೆ ಐಐಟಿಯ ಹಸಿರು, ಇನ್ನೊಂದು ಕಡೆ ಹೀರಾನಂದಾನಿಯ ಎತ್ತರದ ಕಟ್ಟಡಗಳ ನೆರಳು. ನೋಡಲು ಬಲು ಚೆಂದ. ಮುಂಬಯಿಗೆ ಕುಡಿಯುವ ನೀರು ಒದಗಿಸಬೇಕೆಂದು ಬ್ರಿಟಿಷರ ಕಾಲದಲ್ಲಿ, 1891ರಲ್ಲಿ, ಕಟ್ಟಿದ ಕೆರೆಯಿದು. ಆದರೆ ನೀರು ಕುಡಿಯಲು ತಕ್ಕುದಲ್ಲವೆಂದಾಯಿತು. ಕಾರ್ಖಾನೆಗೋ ಉದ್ಯಾನಕ್ಕೋ ಆದೀತು, ಬಾಯಾರಿದವನಿಗಲ್ಲ. ಆ ವಾರವೆಲ್ಲ ಅದರ ದಂಡೆಯ ಮೇಲೆ ನಡೆಯುವಾಗ ನನ್ನ ಭಾನುವಾರಗಳೇ ಕಣ್ಣಿಗೆ ಕಟ್ಟಿದವು.

ನಾನು ಹುಟ್ಟಿದ್ದು ಮಂಗಳೂರಿನ ಜೆಪ್ಪುವಿನಲ್ಲಿ, ಬಾಸೆಲ್ ಮಿಷನ್ ಪರಂಪರೆಯ ಕುಟುಂಬದಲ್ಲಿ. 1865ರಲ್ಲಿ ಮಿಷನ್ನಿನವರು ನೇತ್ರಾವತಿಯ ದಂಡೆಯಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆಯಲ್ಲಿ ನನ್ನ ಮುತ್ತಜ್ಜ ಮಣ್ಣು ತುಳಿದವರು. ಅಲ್ಲಿನ ಹಂಚೇ ನಮ್ಮ ಮನೆಯ ಮಾಡಿಗೂ ಬಂತು. ನಮ್ಮ ಮನೆಮಾತು ತುಳು. ಪ್ರಾರ್ಥನೆಯ ಭಾಷೆ ಮಾತ್ರ ಕನ್ನಡ. ಜಗಳ, ನಗು, ಮೀನಿನ ವ್ಯಾಪಾರ ಎಲ್ಲ ತುಳುವಿನಲ್ಲಿ ನಡೆದು, ಸಂಜೆ ದೀಪ ಹಚ್ಚಿ ಚಾಪೆ ಹಾಸಿದ ಕೂಡಲೇ ಅಮ್ಮನ ದನಿ ಗ್ರಾಂಥಿಕ ಕನ್ನಡಕ್ಕೆ ಹೊರಳುತ್ತಿತ್ತು. ಹಾಗಾಗಿ ಬಾಲ್ಯದಲ್ಲಿ ಕನ್ನಡವೆಂದರೆ ದೇವರೊಡನೆ ಆಡುವ ಭಾಷೆಯೆಂದೇ ನಾನು ತಿಳಿದಿದ್ದೆ. ಮುಂದೆ ಕಾಲೇಜಿನಲ್ಲಿ ಕಿಟೆಲ್ಲರ ನಿಘಂಟನ್ನೂ, ಕ್ರಿಸ್ತನ ಚರಿತೆಯನ್ನು ಅವರು ಕನ್ನಡ ಛಂದಸ್ಸಿನಲ್ಲಿ ಹೇಳಿದ 1862ರ 'ಕಥಾಮಾಲೆ'ಯನ್ನೂ ಕಂಡಾಗ, ಅಮ್ಮನ ಚಾಪೆಯ ಮೇಲಿನ ಕನ್ನಡಕ್ಕೆ ಇಂಥ ಹಿರಿಯರಿದ್ದರೇ ಎಂದು ಬೆರಗಾದೆ.

ಈ ಪರಂಪರೆಯ ಮೂಲವನ್ನು ಹುಡುಕುತ್ತ ಹೋದರೆ ಒಂದು ವಿಪರ್ಯಾಸ ಎದುರಾಗುತ್ತದೆ. 1834ರ ಅಕ್ಟೋಬರಿನಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರಷ್ಟೆ. ಅವರನ್ನು ಕಳುಹಿಸಿದ ಸಂಸ್ಥೆಯ ಬೇರು ಇದ್ದದ್ದು ಜರ್ಮನಿಯ ಪಯಟಿಸಂ ಎಂಬ ಭಕ್ತಿಚಳವಳಿಯಲ್ಲಿ. ಫ್ರಾಂಕ್‌ಫರ್ಟ್‌ನ ಬೋಧಕ ಸ್ಪೇನರ್ 1675ರಲ್ಲಿ ಒಂದು ಸಣ್ಣ ಪುಸ್ತಕ ಬರೆದು, ಲೂಥರನ ಸುಧಾರಣೆಯ ಮಕ್ಕಳೇ ಈಗ ಬರಿಯ ಸಿದ್ಧಾಂತ, ಬರಿಯ ವಿಧಿಗಳಿಗೆ ಗಂಟುಬಿದ್ದಿದ್ದಾರೆ. ವಾಕ್ಯ ಓದುವ ಸಣ್ಣ ಗುಂಪುಗಳು ಮನೆಮನೆಗಳಲ್ಲಿ ಹುಟ್ಟಬೇಕು, ನಂಬಿಕೆ ನಡತೆಯಾಗಬೇಕು ಎಂದು ವಾದಿಸಿದ. ಅಂದರೆ ಒಣ ಆಚರಣೆಯ ವಿರುದ್ಧ ಎದ್ದ ದನಿಯೇ ಕಡಲು ದಾಟಿ ನಮ್ಮ ಜೆಪ್ಪುವಿನ ಚಾಪೆಗೂ ಬಂದು ಕುಳಿತಿತ್ತು. ಅದೇ ಚಾಪೆಯ ಮೊಮ್ಮಗ ಈಗ ಮುಂಬಯಿಯಲ್ಲಿ ಹಾಜರಿ ಹಾಕುತ್ತಿದ್ದಾನೆ. ಪ್ರತಿಭಟನೆಯಾಗಿ ಹುಟ್ಟಿದ್ದು ಮೂರು ತಲೆಮಾರಿನಲ್ಲಿ ಪದ್ಧತಿಯಾಗುತ್ತದೆ. ಪದ್ಧತಿ ಒಣಗಿದಾಗ ಮತ್ತೊಬ್ಬ ಕೂಗುತ್ತಾನೆ. 1738ರಲ್ಲಿ ಲಂಡನ್ನಿನ ಒಂದು ಪುಟ್ಟ ಸಭೆಯಲ್ಲಿ ಕುಳಿತ ಜಾನ್ ವೆಸ್ಲಿಯ ಎದೆ ಬೆಚ್ಚಗಾಗುವ ಮೊದಲು ಅವನು ವರ್ಷಗಟ್ಟಲೆ ಉಪವಾಸ, ಪ್ರಾರ್ಥನೆಗಳನ್ನು ಲೆಕ್ಕವಿಟ್ಟು ಮಾಡಿದ್ದ ಪಾದ್ರಿಯೇ ಆಗಿದ್ದ.

ಈ ಕೂಗು ಇನ್ನೂ ಹಳೆಯದು. ಕುರುಬನಾಗಿದ್ದ ಆಮೋಸ ಕ್ರಿಸ್ತಪೂರ್ವ ಎಂಟನೆಯ ಶತಮಾನದಲ್ಲಿ ಇಸ್ರಾಯೇಲಿನ ಸಿರಿವಂತರ ಹಬ್ಬಗಳನ್ನೂ ವೀಣಾನಾದವನ್ನೂ ದೇವರು ಸಹಿಸಲಾರನೆಂದು ಸಾರಿದ. ಬಡವನನ್ನು ಒಂದು ಜೊತೆ ಕೆರಕ್ಕಾಗಿ ಮಾರುವ ಕೈ ಬಲಿ ಅರ್ಪಿಸಿದರೆ ಏನು ಪ್ರಯೋಜನವೆಂಬುದು ಅವನ ಪ್ರಶ್ನೆ. ಯೆಶಾಯನದೂ ಅದೇ ಸಿಟ್ಟು. ಯೇಸು ಹೇಳಿದ ಕಥೆಯಲ್ಲಿ ಫರಿಸಾಯನು ದೇವಾಲಯದಲ್ಲಿ ನಿಂತು ತನ್ನ ಉಪವಾಸ, ದಶಮಾಂಶಗಳ ವರದಿ ಒಪ್ಪಿಸುತ್ತಾನೆ. ಸುಂಕದವನು ದೂರದಲ್ಲಿ ತಲೆತಗ್ಗಿಸಿ ನಿಲ್ಲುತ್ತಾನೆ. ಮನೆಗೆ ಹಗುರವಾಗಿ ಹೋದವನು ಎರಡನೆಯವನು. ಕನ್ನಡಿಗರಿಗಂತೂ ಇದು ಪರದೇಶದ ಮಾತೇ ಅಲ್ಲ. ಕಲ್ಲಿನ ನಾಗರಕ್ಕೆ ಹಾಲೆರೆದು ನಿಜನಾಗರವನ್ನು ಕೊಲ್ಲುವವರನ್ನೂ, ಉಣ್ಣಲಾರದ ಲಿಂಗಕ್ಕೆ ಉಣಬಡಿಸಿ ಹಸಿದ ಜಂಗಮನನ್ನು ಅಟ್ಟುವವರನ್ನೂ ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲೇ ಬಯಲಿಗೆಳೆದರು. ನಾವು ಶಾಲೆಯಲ್ಲಿ ಅದನ್ನು ಬಾಯಿಪಾಠ ಮಾಡಿ ಅಂಕ ಪಡೆದೆವು. ಬಾಯಿಪಾಠದ ವಿರುದ್ಧ ನುಡಿದದ್ದನ್ನೂ ಬಾಯಿಪಾಠವಾಗಿಸಬಲ್ಲ ಜಾಣ್ಮೆ ಮನುಷ್ಯನಿಗಿದೆ.

ಇಂಥದ್ದನ್ನೆಲ್ಲ ಓದಿಕೊಂಡವನಿಗೆ ಬರುವ ಒಂದು ರೋಗವಿದೆ: ಬೇರೆಯವರ ಭಕ್ತಿಯಲ್ಲಿ ಟೊಳ್ಳು ಹುಡುಕುವುದು. ನನಗೂ ಅದು ತಗುಲಿತ್ತು. ಮಾಹಿಮಿನ ಸಂತ ಮೈಕೆಲರ ಇಗರ್ಜಿಯಲ್ಲಿ 1948ರಿಂದ ಪ್ರತಿ ಬುಧವಾರ ನೊವೇನಾ ನಡೆಯುತ್ತದೆ. ಬೆಳಗಿನಿಂದ ರಾತ್ರಿಯವರೆಗೆ ಸಾವಿರಾರು ಜನ ಸಾಲುಗಟ್ಟಿ ಬರುತ್ತಾರೆ. ಅವರಲ್ಲಿ ಕ್ರೈಸ್ತರಲ್ಲದವರೂ ಬಹಳ. ಪ್ರಾಟೆಸ್ಟಂಟ್ ಮನೆಯಲ್ಲಿ ಬೆಳೆದ ನನಗೆ ಅದು ಬರಿಯ ಹರಕೆಯ ವ್ಯಾಪಾರದಂತೆ ತೋರುತ್ತಿತ್ತು. ಒಂಬತ್ತು ಬುಧವಾರ ಎಣಿಸಿ ದೇವರಿಂದ ಕೆಲಸ ಮಾಡಿಸಿಕೊಳ್ಳುವ ಉಪಾಯವೆಂದು ಕಚೇರಿಯ ಚಹಾದ ಹೊತ್ತಿನಲ್ಲಿ ತಮಾಷೆ ಮಾಡಿದ್ದೂ ಉಂಟು. ಒಮ್ಮೆ ಸಹೋದ್ಯೋಗಿಯೊಬ್ಬರು, ಮರಾಠಿ ಮಾತಾಡುವ ಹಿಂದೂ ಹೆಣ್ಣುಮಗಳು, ಆಸ್ಪತ್ರೆಯಲ್ಲಿದ್ದ ಮಗನಿಗಾಗಿ ಅಲ್ಲಿಗೆ ಹೊರಟಾಗ ನಾನೂ ಜೊತೆಗೆ ಹೋದೆ. ಪ್ರಾರ್ಥನೆಯ ಪದಗಳು ಆಕೆಗೆ ಬರುತ್ತಿರಲಿಲ್ಲ. ಮೇಣದ ಬತ್ತಿ ಹಿಡಿದು ಗೋಡೆಗೆ ಒರಗಿ ನಿಂತರು. ಕಣ್ಣು ಮುಚ್ಚಲಿಲ್ಲ, ತುಟಿ ಅಲುಗಲಿಲ್ಲ. ಅವರ ಪಕ್ಕದಲ್ಲಿ ಸಭೆಯೊಡನೆ ಸರಾಗವಾಗಿ ಉತ್ತರಪದಗಳನ್ನು ಹೇಳುತ್ತಿದ್ದವನು ನಾನು. ಆ ಅರ್ಧ ಗಂಟೆಯಲ್ಲಿ ಯಾರ ಪ್ರಾರ್ಥನೆ ಪ್ರಾರ್ಥನೆಯಾಗಿತ್ತೆಂದು ನನಗೆ ಹೊರಗೆ ಬಂದ ಮೇಲೆ ತಿಳಿಯಿತು. ಫರಿಸಾಯನ ಕಥೆಯನ್ನು ಓದುವಾಗ ನಾವೆಲ್ಲ ಸುಂಕದವನ ಪಕ್ಕದಲ್ಲೇ ನಿಲ್ಲುತ್ತೇವೆ. "ದೇವರೇ, ನಾನು ಈ ಫರಿಸಾಯನಂತೆ ಇಲ್ಲದಿರುವುದಕ್ಕೆ ನಿನಗೆ ಸ್ತೋತ್ರ" ಎನ್ನುವವನು ಯಾರೆಂದು ಯೋಚಿಸುವುದಿಲ್ಲ.

ಹಾಗಾದರೆ ವಿಧಿಯನ್ನೇ ಬಿಟ್ಟರೆ ಭಕ್ತಿ ಉಳಿದೀತೇ? ಹೌದೆನ್ನಲು ನನಗೆ ಧೈರ್ಯವಿಲ್ಲ. ಏಕೆಂದರೆ ನಾನು ಅಮ್ಮನ ಕೊನೆಯ ವರ್ಷಗಳನ್ನು ಕಂಡವನು. ಮರೆವಿನ ಕಾಯಿಲೆ ಆಕೆಯಿಂದ ಒಂದೊಂದನ್ನೇ ಕಸಿದುಕೊಂಡಿತು. ಮೊದಲು ನೆರೆಯವರ ಹೆಸರು, ಆಮೇಲೆ ಅಡುಗೆಮನೆಯ ದಾರಿ, ಕೊನೆಗೆ ಮಕ್ಕಳ ಮುಖ. ರಜೆಯಲ್ಲಿ ಹೋದ ನನ್ನನ್ನು ಆಕೆ ಅಣ್ಣನ ಹೆಸರಿನಿಂದ ಕರೆಯುತ್ತಿದ್ದರು. ಅಣ್ಣನನ್ನು ಯಾರೋ ಬಂದ ಅತಿಥಿಯೆಂದು ತಿಳಿದು ಕುಳಿತುಕೊಳ್ಳಲು ಹೇಳುತ್ತಿದ್ದರು. ಆದರೆ ಸಂಜೆ ಅತ್ತಿಗೆ ಚಾಪೆ ಹಾಸಿ ಕರ್ತನು ಕಲಿಸಿದ ಪ್ರಾರ್ಥನೆಯ ಮೊದಲ ಪದ ಎತ್ತಿದರೆ ಸಾಕು, ಉಳಿದುದೆಲ್ಲ ಒಂದಕ್ಷರ ತಪ್ಪದೆ ಆ ಬಾಯಿಯಿಂದ ಹರಿದು ಬರುತ್ತಿತ್ತು. ಎಪ್ಪತ್ತು ವರ್ಷ ದಿನವೂ ಹೇಳಿದ್ದರಿಂದ ತಾನೇ ಅದು ಉಳಿದದ್ದು? ಅರ್ಥ ತಿಳಿದು ಹೇಳುತ್ತಿದ್ದರೋ ಇಲ್ಲವೋ, ಹೇಳಿ ಮುಗಿದ ಮೇಲೆ ಆಕೆ ಕೈ ಚಾಚಿ ಪಕ್ಕದಲ್ಲಿ ಕುಳಿತವರ ತಲೆ ನೇವರಿಸುತ್ತಿದ್ದರು. ಅದನ್ನು ಬರಿಯ ಅಭ್ಯಾಸವೆಂದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ.

ಆ ಏಳು ವರ್ಷ ಆಕೆಯನ್ನು ನೋಡಿಕೊಂಡವರು ಅಣ್ಣ ಮತ್ತು ಅತ್ತಿಗೆ. ನಾನು ತಿಂಗಳಿಗೊಮ್ಮೆ ಹಣ ಕಳುಹಿಸಿದೆ, ವರ್ಷಕ್ಕೆರಡು ಸಲ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹತ್ತಿದೆ. ಅಮ್ಮ ತೀರಿಕೊಂಡ ಮರುವರ್ಷ ಅಣ್ಣ ಫೋನು ಮಾಡಿದ. ಮಾಡಿನ ಪಕ್ಕಾಸು, ರೀಪುಗಳಿಗೆ ಗೆದ್ದಲು ಹತ್ತಿತ್ತು. ದುರಸ್ತಿಗೆ ಸಾಲ ಬೇಕಾಗಿತ್ತು. ಬ್ಯಾಂಕಿನವರು ಮನೆ ಒಬ್ಬನ ಹೆಸರಿನಲ್ಲಿರಬೇಕೆಂದಿದ್ದರು. ನನ್ನಿಂದ ಹಕ್ಕುಖುಲಾಸೆ ಪತ್ರಕ್ಕೆ ಒಂದು ಸಹಿ ಕೇಳಿದ. ನಾನು ಕಾನೂನು ಹೇಳಿದೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಕ್ರೈಸ್ತ ತಾಯಿಯ ಆಸ್ತಿಯಲ್ಲಿ ಮಕ್ಕಳಿಗೆ ಸಮಪಾಲು. ನನ್ನ ಮಾತಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. "ಆಯಿತು" ಎಂದು ಅಣ್ಣ ಫೋನು ಇಟ್ಟ. ನಾಲ್ಕು ವರ್ಷ ಕಳೆಯಿತು. ಮಾಡಿನ ಮೇಲೆ ಪ್ಲಾಸ್ಟಿಕ್ ಹೊದೆಸಿದ್ದಾರೆಂದು ಊರಿನವರಿಂದ ತಿಳಿದಿತ್ತು.

ನಮ್ಮ ಕನ್ನಡ ಸಭೆಗೆ ಮುಂಬಯಿಯಲ್ಲಿ ಸ್ವಂತ ಕಟ್ಟಡವಿಲ್ಲ. ಬೇರೆ ಭಾಷೆಯವರ ಆರಾಧನೆಗಳು ಮುಗಿದ ಮೇಲೆ ಅದೇ ದೇವಾಲಯದಲ್ಲಿ ಮಧ್ಯಾಹ್ನ ನಾಲ್ಕಕ್ಕೆ ನಾವು ಸೇರುತ್ತೇವೆ. ನಲವತ್ತು ಜನ ಬಂದರೆ ಹೆಚ್ಚು. ಹಿಂದಿನ ಬೆಂಚಿನಲ್ಲಿ ಗದಗ–ಬೆಟಗೇರಿ ಕಡೆಯ ಹಿರಿಯರೊಬ್ಬರು ಕುಳಿತುಕೊಳ್ಳುತ್ತಾರೆ. ಪರೇಲಿನ ಗಿರಣಿಯೊಂದರಲ್ಲಿ ನೇಕಾರರಾಗಿದ್ದು, 1982ರ ಮುಷ್ಕರದಲ್ಲಿ ಕೆಲಸ ಕಳೆದುಕೊಂಡು, ಆಮೇಲೆ ಕಾವಲುಗಾರರಾಗಿ ಬದುಕು ಸವೆಸಿದವರು. ತಿಂಗಳಿಗೊಮ್ಮೆ ಪ್ರಭುಭೋಜನದ ಸಂಸ್ಕಾರವಿರುತ್ತದೆ. ಎಲ್ಲರೂ ಎದ್ದು ಮುಂದೆ ಹೋಗಿ ಮೊಣಕಾಲೂರಿದರೂ ಅವರು ಮಾತ್ರ ಕುಳಿತಲ್ಲಿಂದ ಏಳುತ್ತಿರಲಿಲ್ಲ. ಮೊಣಕಾಲಿನ ತೊಂದರೆಯಿರಬೇಕೆಂದುಕೊಂಡಿದ್ದೆ, ಒಳಗೊಳಗೇ, ಭಕ್ತಿ ಸಾಲದೆಂದೂ ಅಂದುಕೊಂಡಿದ್ದೆ. ಹೆಂಡತಿಯ ಪ್ರಶ್ನೆಗೆ ಉತ್ತರವಿಲ್ಲದೆ ಹೋದ ಆ ಭಾನುವಾರದ ಮೂರು ವಾರಗಳ ನಂತರ, ಸಂಸ್ಕಾರವಿದ್ದ ದಿನ, ದಾದರಿನವರೆಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಹೊರಟೆವು. "ನೀವು ಯಾಕೆ ಸಂಸ್ಕಾರ ತೆಗೆದುಕೊಳ್ಳುವುದಿಲ್ಲ, ಅಜ್ಜಾ?" ಎಂದು ಕೇಳಿಯೇಬಿಟ್ಟೆ.

ಅವರು ಕಿಟಕಿಯ ಕಡೆಗೆ ನೋಡುತ್ತಲೇ ಹೇಳಿದರು: "ಮಗನ ಕೂಡ ಮಾತು ಬಿಟ್ಟು ಎರಡು ವರ್ಷ ಆತ್ರಿ, ಸಾಹೇಬ್ರ. ತಪ್ಪು ನಂದ ಐತಿ. ಅದನ್ನ ಸರಿ ಮಾಡ್ಕೊಳ್ದನ ಅಲ್ಲಿ ಹೋಗಿ ಕೈ ಒಡ್ಡೂದು ಹ್ಯಾಂಗ್ರೀ?"

"ಹಾಗಿದ್ದರೆ ಪ್ರತಿ ವಾರ ಬರುವುದು ಯಾಕೆ?"

"ಬರದಿದ್ರ ಮರತ ಹೋಗ್ತೈತ್ರಿ. ಇಲ್ಲಿ ಬಂದು ಕುಂತ್ರ ವಾರಕ್ಕೊಮ್ಮಿ ಚುಚ್ಚತೈತಿ."

ಅವರ ಮನಸ್ಸಿನಲ್ಲಿದ್ದದ್ದು ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯ. ಅರ್ಪಣೆಯನ್ನು ಯಜ್ಞವೇದಿಯ ಬಳಿಗೆ ತಂದವನಿಗೆ ಸಹೋದರನ ಮನಸ್ಸಿನಲ್ಲಿ ತನ್ನ ಮೇಲೆ ಏನೋ ಇದೆಯೆಂದು ನೆನಪಾದರೆ, ತಂದದ್ದನ್ನು ಅಲ್ಲೇ ಇಟ್ಟು ಮೊದಲು ಅವನೊಡನೆ ಒಂದಾಗಿ ಬರಬೇಕೆಂದು ಯೇಸು ಅಲ್ಲಿ ಹೇಳುತ್ತಾನೆ. ನಾನು ಈ ಭಾಗವನ್ನು ಎಷ್ಟೋ ಸಲ ಓದಿದ್ದೆ, ಸಭೆಯ ಮುಂದೆ ನಿಂತು ಪಾಠವಾಗಿಯೂ ಓದಿದ್ದೆ. ಅದರಲ್ಲಿನ ಒಂದು ಸೂಕ್ಷ್ಮ ಮಾತ್ರ ಆ ಬಸ್ಸಿನಲ್ಲಿ ಮೊದಲ ಸಲ ಹೊಳೆಯಿತು. ನೆನಪು ಬರುವುದು ಯಜ್ಞವೇದಿಯ ಬಳಿಯಲ್ಲೇ. ಅಲ್ಲಿಗೆ ಹೋಗದವನಿಗೆ ನೆನಪೂ ಇಲ್ಲ. ಅಲ್ಲಿಗೆ ಹೋಗಿಯೂ ನೆನಪನ್ನು ಅದುಮಿಟ್ಟುಕೊಂಡು ಅರ್ಪಣೆ ಮುಗಿಸಿ ಬರುವವನ ಆರಾಧನೆಯೇ ಟೊಳ್ಳು. ಗೀತೆ ಹಳೆಯದೋ ಹೊಸದೋ, ಪ್ರಾರ್ಥನೆ ಪುಸ್ತಕದ್ದೋ ಸ್ವಂತದ್ದೋ, ಕಣ್ಣೀರು ಬಂತೋ ಇಲ್ಲವೋ ಎಂಬುದರಿಂದ ಅದು ತೀರ್ಮಾನವಾಗುವುದಿಲ್ಲ.

ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ನಾವು 'ಹ್ಯಾಮ್ಲೆಟ್' ನಾಟಕವನ್ನು ಪಾಠವಾಗಿ ಓದಿದ್ದೆವು. ಮೂರನೆಯ ಅಂಕದಲ್ಲಿ ಅಣ್ಣನನ್ನು ಕೊಂದು ರಾಜನಾದ ಕ್ಲಾಡಿಯಸ್ ಪ್ರಾರ್ಥಿಸಲು ಮೊಣಕಾಲೂರುತ್ತಾನೆ. ಅವನ ಸಂಕಟ ನಟನೆಯಲ್ಲ. ತನ್ನ ಪಾಪ ಅವನಿಗೆ ಗೊತ್ತು, ಕ್ಷಮೆಯೂ ಬೇಕು. ಆದರೆ ಪಾಪದಿಂದ ಬಂದ ಕಿರೀಟವೂ ರಾಣಿಯೂ ಅವನ ಕೈಯಲ್ಲೇ ಇವೆ. ಫಲವನ್ನು ಇಟ್ಟುಕೊಂಡೇ ಕ್ಷಮೆ ಪಡೆಯಬಹುದೇ ಎಂದು ಅವನು ತನ್ನನ್ನೇ ಕೇಳಿಕೊಳ್ಳುತ್ತಾನೆ, ಉತ್ತರ ಗೊತ್ತಿದ್ದೂ. ಕೊನೆಗೆ ಮಾತು ಮೇಲಕ್ಕೆ ಹಾರಿ, ಮನಸ್ಸು ನೆಲದಲ್ಲೇ ಉಳಿಯಿತೆಂದು ಒಪ್ಪಿಕೊಂಡು ಏಳುತ್ತಾನೆ. ಪರೀಕ್ಷೆಯಲ್ಲಿ ಇದರ ಮೇಲೆ ನಾಲ್ಕು ಪುಟ ಬರೆದಿದ್ದೆ. ಕೊಲೆಗಾರನ ಪಕ್ಕದಲ್ಲಿ ನನ್ನನ್ನು ನಿಲ್ಲಿಸಿಕೊಳ್ಳಬೇಕಾದೀತೆಂದು ಆಗ ತಿಳಿದಿರಲಿಲ್ಲ. ನಾನು ಯಾರ ಕಿವಿಗೂ ವಿಷ ಸುರಿದಿರಲಿಲ್ಲ, ನಿಜ. ಆದರೆ ನಾಲ್ಕು ವರ್ಷಗಳಿಂದ ಪ್ರತಿ ಭಾನುವಾರ, ನಮ್ಮ ಸಾಲಗಾರರನ್ನು ನಾವು ಕ್ಷಮಿಸಿದಂತೆ ನಮ್ಮನ್ನೂ ಕ್ಷಮಿಸೆಂದು ಬೇಡುವಾಗ, ಒಂದು ಸಹಿಯನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದೆ.

ಇನ್ನೊಂದು ಸಂಗತಿಯೂ ಆಗ ನೆನಪಾಯಿತು. ದಕ್ಷಿಣ ಭಾರತ ಸಭೆಯು 1950ರಲ್ಲಿ ತನ್ನ ಆರಾಧನಾಕ್ರಮವನ್ನು ರೂಪಿಸಿದಾಗ, ಪ್ರಾಚೀನ ಸಭೆಯಲ್ಲಿದ್ದ ಒಂದು ಪದ್ಧತಿಗೆ ಮತ್ತೆ ಜೀವ ಕೊಟ್ಟಿತು: ಸಂಸ್ಕಾರಕ್ಕೆ ಮೊದಲು ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವುದು. ನಮ್ಮ ಸಭೆಯಲ್ಲೂ ಅದು ನಡೆಯುತ್ತದೆ. ನಾನು ಪಕ್ಕದವನ ಎರಡೂ ಕೈಗಳನ್ನು ಹಿಡಿದು ಸಮಾಧಾನ ಕೊಡುತ್ತಿದ್ದೆ. ಹೆಸರು ಗೊತ್ತಿಲ್ಲದವರಿಗೂ ಕೊಡುತ್ತಿದ್ದೆ. ಅದು ನನ್ನಲ್ಲಿ ಇದೆಯೇ ಎಂದು ಒಮ್ಮೆಯೂ ನೋಡಿಕೊಂಡಿರಲಿಲ್ಲ.

ಆ ರಾತ್ರಿಯೇ ಅಣ್ಣನಿಗೆ ಫೋನು ಮಾಡಿದೆನೆಂದು ಬರೆಯಲು ಆಸೆ. ಆದರೆ ಮಾಡಲಿಲ್ಲ. ಹನ್ನೊಂದು ದಿನ ಬೇಕಾಯಿತು. ಮೊದಲು ವಕೀಲ ಮಿತ್ರರೊಬ್ಬರನ್ನು ವಿಚಾರಿಸಿದೆ. ಅವರು, ಹಕ್ಕು ಬಿಟ್ಟುಕೊಡುವುದು ಮೂರ್ಖತನವೆಂದರು. ಮಗಳ ಶಿಕ್ಷಣದ ಲೆಕ್ಕ ಹಾಕಿದೆ. ಜೆಪ್ಪುವಿನಲ್ಲಿ ಈಗ ಸೆಂಟ್ಸಿಗೆ ಎಷ್ಟು ಬೆಲೆಯೆಂದು ಕೇಳಿ ತಿಳಿದೆ. ಇದನ್ನೆಲ್ಲ ಹೇಳುತ್ತಿರುವುದು, ಪಶ್ಚಾತ್ತಾಪ ಕಥೆಗಳಲ್ಲಿ ಬರುವಷ್ಟು ಶುಭ್ರವಾಗಿ ಬರುವುದಿಲ್ಲವೆಂಬ ಕಾರಣಕ್ಕೆ. ಹನ್ನೊಂದನೆಯ ದಿನ ಫೋನು ಹಚ್ಚಿದಾಗ ಅಣ್ಣ ಎತ್ತಿದ. ನಾನು ಸಿದ್ಧಮಾಡಿಕೊಂಡಿದ್ದ ವಾಕ್ಯ ಬಾಯಿಗೆ ಬರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದ ಅವನು, ನಮ್ಮ ಕಡೆಯವರು ನಿತ್ಯ ಕೇಳುವುದನ್ನೇ ಕೇಳಿದ: "ಒಣಸ್ ಆಂಡಾ?" ಊಟ ಆಯಿತೇ ಎಂದಷ್ಟೇ ಅದರ ಅರ್ಥ. ತುಳುವಿನಲ್ಲಿ ಇದಕ್ಕಿಂತ ಸವೆದ ಮಾತು ಇನ್ನೊಂದಿಲ್ಲ. ದಿನಕ್ಕೆ ಹತ್ತು ಸಲ, ಉತ್ತರಕ್ಕೂ ಕಾಯದೆ ಕೇಳುವಂಥದ್ದು. ನನಗೆ ಗಂಟಲು ಕಟ್ಟಿತು.

ಮೇ ತಿಂಗಳ ಕೊನೆಯ ವಾರ ಊರಿಗೆ ಹೋಗಿ, ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಸಹಿ ಮಾಡಿ ಬಂದೆ. ಅಲ್ಲಿಯೂ ಯಂತ್ರದ ಮೇಲೆ ಹೆಬ್ಬೆರಳಿಡಬೇಕಿತ್ತು. ಈ ಸಲ ಹಾಜರಿಗಲ್ಲ. ಅಣ್ಣನ ಮನಸ್ಸು ಪೂರ್ತಿ ತಿಳಿಯಾಗಿದೆಯೆಂದು ಹೇಳಲಾರೆ. ಅತ್ತಿಗೆ ನೀರುದೋಸೆ ಬಡಿಸಿದರು. ಮಾತು ಕಡಿಮೆ ಆಡಿದರು. ಅವರು ಕಾದ ನಾಲ್ಕು ಮಳೆಗಾಲಗಳನ್ನು ಒಂದು ಸಹಿ ಅಳಿಸಲಾರದು. ಸಂಜೆ ಚಾಪೆ ಹಾಸಿದರು. ಅಮ್ಮನ ಜಾಗ ಖಾಲಿಯಿತ್ತು. ಅದೇ ಪದಗಳನ್ನು ಅದೇ ಕ್ರಮದಲ್ಲಿ ಹೇಳಿದೆವು. ಕ್ಷಮೆಯ ಮಾತು ಬಂದಲ್ಲಿ ಅಣ್ಣನ ದನಿ ಒಂದು ಕ್ಷಣ ನಿಂತು ಮುಂದುವರಿಯಿತೆಂದು ನನಗನಿಸಿತು. ನನ್ನ ದನಿಯೇ ನಿಂತಿದ್ದರೂ ನಿಂತಿರಬಹುದು.

ಮುಂಬಯಿಗೆ ಮರಳಿದ ಮೇಲಿನ ಭಾನುವಾರಗಳಲ್ಲಿ ಪವಾಡವೇನೂ ನಡೆದಿಲ್ಲ. ಮೆಗಾ ಬ್ಲಾಕ್ ಇದೆ, ಹಾರ್ಮೋನಿಯಂ ಶ್ರುತಿ ತಪ್ಪುತ್ತದೆ, ಪ್ರಸಂಗ ಕೆಲವೊಮ್ಮೆ ದೀರ್ಘವಾಗುತ್ತದೆ. ನಾನು ಈಗಲೂ ಒಮ್ಮೊಮ್ಮೆ ಗಡಿಯಾರ ನೋಡುತ್ತೇನೆ. ಬದಲಾದದ್ದು ಒಂದೇ: ನಾನು ಈಗ ಹಿಂದಿನ ಬೆಂಚಿನಲ್ಲಿ, ಗದಗಿನ ಅಜ್ಜನ ಪಕ್ಕದಲ್ಲಿ ಕುಳಿತುಕೊಳ್ಳುತ್ತೇನೆ. ಅವರ ಮಗ ಇನ್ನೂ ಮಾತಾಡಿಲ್ಲ. ಎರಡು ಸಲ ಅವನ ಬಾಗಿಲವರೆಗೆ ಹೋಗಿ ಬಂದರಂತೆ. ಸಂಸ್ಕಾರದ ದಿನ ನಾನು ಎದ್ದು ಮುಂದೆ ಹೋಗುವಾಗ ಅವರು ಮೊಣಕಾಲು ಸರಿಸಿ ದಾರಿ ಬಿಡುತ್ತಾರೆ. ಮರಳಿ ಬಂದು ಕುಳಿತಾಗ ನಾವಿಬ್ಬರೂ ತಲೆತಗ್ಗಿಸುತ್ತೇವೆ. ಸಮಾಧಾನ ದಾಟಿಸುವ ಹೊತ್ತಿನಲ್ಲಿ ಅವರ ಒರಟು ಕೈಗಳು ನನ್ನ ಕೈಗಳನ್ನು ಹಿಡಿದು, ಉಳಿದವರಿಗಿಂತ ತುಸು ಹೆಚ್ಚು ಹೊತ್ತು ಬಿಡುವುದಿಲ್ಲ.